ಕರೆಂಟು ಹೋದರೆ ನಿಲ್ಲುವ ಮಗ್ಗ

ಗಜೇಂದ್ರಗಡದ ನಮ್ಮ ನೇಕಾರ ಓಣಿಯಲ್ಲಿ ಮಗ್ಗದ ಸದ್ದು ಕೇಳಿಯೇ ಆ ಮನೆಯ ವರ್ತಮಾನ ಹೇಳುವವರಿದ್ದಾರೆ. ಸದ್ದು ಎಡವುತ್ತಿದ್ದರೆ ಗಂಡ ಹೆಂಡತಿಗೆ ಮಾತು ಬೆಳೆದಿದೆ ಎಂದು ಅರ್ಥ. ನಿಂತು ನಿಂತು ಬರುತ್ತಿದ್ದರೆ ಬೀಗರು ಬಂದು ಕೂತಿದ್ದಾರೆ. ಸಂಜೆಗೆ ಓಟ ಕಿತ್ತಿದ್ದರೆ ನಾಳೆ ಸೊಸೈಟಿಗೆ ಸೀರೆ ಒಪ್ಪಿಸುವುದಿದೆ. ಹೀಗಿರುವಾಗ ಸುಶೀಲವ್ವನ ಮಗ್ಗ ಎಡವುವುದೇ ಇಲ್ಲ, ಬೇಸಿಗೆಗೂ ಅದೇ ನಡಿಗೆ, ಮಳೆಗಾಲಕ್ಕೂ ಅದೇ ನಡಿಗೆ ಎಂಬುದು ಓಣಿಯ ಕಿವಿಗೆ ಬಿದ್ದಾಗ ಯಾರೂ ಆಕೆಯನ್ನು ಹೊಗಳಲಿಲ್ಲ. ಸಂಶಯಪಟ್ಟರು.

ಆ ಸಂಶಯವನ್ನು ನನ್ನ ಅಂಗಡಿಗೆ ಹೊತ್ತು ತಂದವಳು ಗಾಳೆವ್ವ. ಸುಶೀಲವ್ವನ ಎದುರುಮನೆಯವಳು, ತಾನೂ ಮಗ್ಗಕ್ಕೆ ಕೂಡುವವಳು.

“ಸಾವ್ಕಾರ್ರ, ಒಂದ ಮಾತ ಹೇಳತೀನಿ. ನಾ ಹೇಳೇನಿ ಅಂತ ಎಲ್ಲೂ ಅನಬ್ಯಾಡ್ರಿ.”

“ಇಲ್ಲ, ಹೇಳ್ರಿ.”

“ಸುಶೀಲವ್ವ ಮನಿಯಾಗ ಪಾವರ್‌ಲೂಮ್ ಇಟ್ಟಾಳ.”

“ನೀವು ನೋಡೀರೇನು?”

“ನೋಡಾಕ ಆಕಿ ಬಾಗಲಾ ತಗದಿದ್ರ ನಾ ಯಾಕ ಸಂಶೇ ಪಡತಿದ್ನಿ?”

ಗಾಳೆವ್ವ ಗಲ್ಲಾಪೆಟ್ಟಿಗೆಯ ಹತ್ತಿರಕ್ಕೆ ಸರಿದು ದನಿ ಇಳಿಸಿದಳು. “ಮಗ್ಗದ ಸಪ್ಪಳ ಮ್ಯಾಲ ಕೇಳತೈತ್ರಿ. ಅದರ ಬುಡಕ ಇನ್ನೊಂದು ಸಪ್ಪಳ ಐತಿ. ಗುಂ ಗುಂ ಅಂತ. ಮೋಟರದ್ದು. ನಾ ಬರಿಗಾಲಲೆ ನಮ್ಮ ಕಟ್ಟಿ ಮ್ಯಾಲ ನಿಂತ್ರ ಅಂಗಾಲಿಗೆ ಬರತೈತಿ.”

ನಾನು ಬಜಾರದಲ್ಲಿ ಸೀರೆ ಅಂಗಡಿ ಇಟ್ಟವನು. ಅದರ ಜೊತೆಗೆ ನೇಕಾರರ ಸೊಸೈಟಿಗೆ ಡೈರೆಕ್ಟರ್. ನನ್ನೆದುರು ಚುನಾವಣೆಗೆ ನಿಲ್ಲಬೇಕಾದವನು ಅರ್ಜಿ ಹಾಕುವ ದಿನ ಬೀಗರೂಟಕ್ಕೆಂದು ರೋಣಕ್ಕೆ ಹೋಗಿ, ಹೋಳಿಗೆ ತಡವಾಗಿ, ಬಸ್ಸು ತಪ್ಪಿಸಿಕೊಂಡ. ನಾನು ಅವಿರೋಧವಾಗಿ ಆರಿಸಿ ಬಂದೆ. “ನಿಮ್ಮನ್ನ ಆರಿಸಿದ್ದು ಮಂದಿ ಅಲ್ಲ, ಹೋಳಗಿ” ಎಂದು ನನ್ನ ಹೆಂಡತಿ ಈಗಲೂ ಅನ್ನುತ್ತಾಳೆ. ಹೋಳಿಗೆಯಿಂದ ಆರಿಸಿ ಬಂದವನಿಗೆ ಏನಾದರೂ ಮಾಡಿ ತೋರಿಸುವ ಹಟ ಜಾಸ್ತಿ ಇರುತ್ತದೆ. ಹಾಗಾಗಿ ಗಾಳೆವ್ವನ ಮಾತು ನನಗೆ ಅರೆಹೊಟ್ಟೆಯವನಿಗೆ ಸಿಕ್ಕ ಗಿರಮಿಟ್ಟಿನಂತೆ ಸಿಕ್ಕಿತು.

ವಿಷಯ ಸಣ್ಣದಲ್ಲ. ಸೊಸೈಟಿಯ ನೂಲು ಕೈಮಗ್ಗದವರಿಗೆ ಮಾತ್ರ. ಆ ನೂಲನ್ನು ಒಯ್ದು ಪಾವರ್‌ಲೂಮಿನಲ್ಲಿ ನೇಯ್ದದ್ದು ಗೊತ್ತಾದರೆ ಹೆಸರು ಕಿತ್ತುಹಾಕುತ್ತಾರೆ. ಆಮೇಲೆ ನೂಲೂ ಇಲ್ಲ, ನೇಯ್ದದ್ದನ್ನು ಕೊಳ್ಳುವವರೂ ಇಲ್ಲ. ಸುಶೀಲವ್ವನಿಗೆ ಐವತ್ತು ದಾಟಿದೆ. ಗಂಡ ಹನಮಂತಪ್ಪನ ಮಂಡಿ ಕೆಟ್ಟು ಅವನಿಗೆ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡಲು ಆಗದು. ಹಾಗಾಗಿ ಆ ಮನೆಯಲ್ಲಿ ಲೋಕಕ್ಕೆ ತಿರುವುಮುರುವು: ಹೆಂಡತಿ ನೇಯುತ್ತಾಳೆ, ಗಂಡ ಪಕ್ಕದಲ್ಲಿ ರಾಟಿ ತಿರುಗಿಸಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಾನೆ. ಆ ಒಂದು ಮಗ್ಗ ಹೋಯಿತೆಂದರೆ ಇಬ್ಬರ ಒಲೆಯೂ ಹೋಯಿತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮೊದಲು ಮಾಡಿದ್ದು ಆಕೆ ಹಿಂದಿನ ವಾರ ಕೊಟ್ಟ ಸೀರೆಗಳನ್ನು ಬಿಚ್ಚಿಸಿ ಭೂತಗನ್ನಡಿ ಹಿಡಿದು ಕೂತದ್ದು.

ಕೈಮಗ್ಗದ ಸೀರೆ ಅಂದರೆ ಒಂದೆರಡು ತಪ್ಪು ಇರಲೇಬೇಕು. ತಪ್ಪೇ ಅದರ ಸಹಿ. ಸುಶೀಲವ್ವನ ಪಟ್ಟೇದ ಅಂಚಿನ ಸೀರೆಯಲ್ಲಿ ತಪ್ಪು ಹುಡುಕಿ ಹುಡುಕಿ ನನಗೆ ಕಣ್ಣೀರು ಬಂತು. ಆಗ ದಾದಾಪೀರ ಬಂದ. ಅವನು ನೂಲಿಗೆ ಬಣ್ಣ ಹಾಕುವವನು, ಸೊಸೈಟಿಯ ಇನ್ನೊಬ್ಬ ಡೈರೆಕ್ಟರ್. ಕನ್ನಡಿ ಮುಟ್ಟದೆ ಸೀರೆಯನ್ನು ಬೆಳಕಿಗೆ ಹಿಡಿದು, “ಇಲ್ಲೆ ನೋಡ್ರಿ” ಅಂದ. ಸೀರೆಯ ಒಡಲಿನಲ್ಲಿ ಅಲ್ಲಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ನೇಯ್ಗೆ ತುಸು ಸಡಿಲವಿತ್ತು. ಇನ್ನೊಂದು ಸೀರೆ ತೆಗೆದೆವು. ಅದರಲ್ಲೂ ಇತ್ತು. ಮತ್ತೊಂದರಲ್ಲೂ.

“ಮಷೀನಿನ ಪಟ್ಟಾ ಸಡಲ ಆಗೇತಿ,” ಅಂದೆ ನಾನು.

“ಪಟ್ಟಾ ಸಡಲ ಆದ್ರ ಪೂರಾ ಸೀರಿ ಸಡಲ ಆಗತೈತ್ರಿ. ಇದು ಅಲ್ಲಲ್ಲೆ ಐತಿ. ಯಾರೋ ಅಲ್ಲಿ ಕೈ ಸಡಲ ಬಿಟ್ಟಂಗ.”

“ಬೇಕಂತನ ಬಿಟ್ಟಿರಬೇಕು. ಕೈಮಗ್ಗ ಅಂತ ತೋರಸಾಕ.”

ದಾದಾಪೀರ ನನ್ನನ್ನು ನೋಡಿದ. “ನಿಮ್ಮ ತಲಿ ಪೊಲೀಸ್ ಖಾತೇಕ್ಕ ಹೋಗಬೇಕಿತ್ರಿ,” ಅಂದ. ನಾನು ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡೆ.

ಪರೀಕ್ಷೆಯ ಉಪಾಯ ಹೊಳೆದದ್ದು ನನಗೇ. ನಮ್ಮಲ್ಲಿ ತಂತಿ ದುರಸ್ತಿಗೆಂದು ಗುರುವಾರ ಮುಂಜಾನೆ ಕರೆಂಟು ತೆಗೆಯುತ್ತಾರೆ. ಕೈಮಗ್ಗಕ್ಕೆ ಕರೆಂಟಿನ ಹಂಗಿಲ್ಲ, ಪಾವರ್‌ಲೂಮ್ ನಿಂತುಬಿಡುತ್ತದೆ. ಸರಿ, ಗುರುವಾರ ನಾನು, ದಾದಾಪೀರ ಇಬ್ಬರೂ ಗಾಳೆವ್ವನ ಕಟ್ಟೆಯ ಮೇಲೆ ಕೂತೆವು. ಗಾಳೆವ್ವ ಚಹಾ ಕೊಟ್ಟಳು. ಚಪ್ಪಲಿ ಬಿಟ್ಟು ಕೂಡಲು ಹೇಳಿದಳು. ಅಂಗಾಲು ಕಲ್ಲಿಗೆ ಇಟ್ಟೆ. ಹೌದು, ಗುಂ ಗುಂ ಅನ್ನುತ್ತಿತ್ತು. ಎದುರಿನ ಮುಚ್ಚಿದ ಬಾಗಿಲ ಹಿಂದಿನಿಂದ ಮಗ್ಗ ಖಟ್ ಖಟಾ, ಖಟ್ ಖಟಾ ಎಂದು ಒಂದು ಕೂದಲೂ ಆಚೀಚೆ ಆಗದೆ ನಡೆದಿತ್ತು.

ಗಾಳೆವ್ವನ ಫ್ಯಾನು ನಿಂತಿತು. ಕರೆಂಟು ಹೋಗಿತ್ತು. ನಾವು ಮೂವರೂ ಎದುರಿನ ಬಾಗಿಲಿಗೆ ಕಿವಿಗೊಟ್ಟೆವು. ಎದುರುಮನೆಯ ಮಗ್ಗ ಖಟ್ ಖಟಾ ಅಂದಿತು, ಖಟ್ ಅಂದಿತು, ನಿಂತಿತು.

ಗಾಳೆವ್ವ ನನ್ನ ಕಪ್ಪಿಗೆ ಇನ್ನಷ್ಟು ಚಹಾ ಹಾಕಿದಳು, ಅಷ್ಟೆ. ಸ್ವಲ್ಪ ಹೊತ್ತಿಗೆ ಫ್ಯಾನು ಮತ್ತೆ ತಿರುಗಿತು. ಅದರ ಬೆನ್ನಿಗೇ ಎದುರಿನ ಮಗ್ಗವೂ ಹೊರಟಿತು.

“ಇನ್ನೇನ ಬೇಕ್ರಿ ನಿಮಗ?” ಅಂದಳು ಗಾಳೆವ್ವ.

ದಾದಾಪೀರನ ಮುಖ ಸಪ್ಪಗಾಯಿತು. ಅವನು ಹುಡುಗನಿದ್ದಾಗಿನಿಂದ ಆ ಮನೆಗೆ ಬಣ್ಣದ ನೂಲು ಕೊಟ್ಟವನು. “ಅಕ್ಕಾ ಹಂಗ ಮಾಡಾಕಿ ಅಲ್ಲ,” ಎಂದು ತನಗೆ ತಾನೇ ಅಂದುಕೊಂಡ. ನಾನು ಅಂಗಿ ಕೊಡವಿ ಎದ್ದೆ.

ಬಾಗಿಲು ತಟ್ಟಿದಾಗ ಹನಮಂತಪ್ಪ ಅರ್ಧ ತೆರೆದು, ನಮ್ಮನ್ನು ನೋಡಿ, ಉಳಿದರ್ಧ ತೆರೆಯಲೋ ಬೇಡವೋ ಎಂದು ಅನುಮಾನಿಸಿದ. ನಾನು ಡೈರೆಕ್ಟರನ ಹೊಟ್ಟೆಯನ್ನು ಮುಂದೆ ಮಾಡಿ ಒಳಗೆ ನುಗ್ಗಿದೆ. ಪಡಸಾಲೆಯಲ್ಲಿ ಇದ್ದದ್ದು ಒಂದೇ ಮಗ್ಗ, ನಮ್ಮಜ್ಜನ ಕಾಲದ್ದೇ ಆದ ಕುಣಿಮಗ್ಗ. ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಶೀಲವ್ವ ಕೂತಿದ್ದಳು. ನನಗೆ ಸಮಾಧಾನವಾಗಲಿಲ್ಲ. ಅಡುಗೆಮನೆ ನೋಡಿದೆ, ಬಚ್ಚಲು ನೋಡಿದೆ. ಪಾವರ್‌ಲೂಮ್ ಅನ್ನುವುದು ಕಟ್ಟಿದ ಎಮ್ಮೆಯಷ್ಟು ದೊಡ್ಡ ವಸ್ತು. ಅದನ್ನು ನಾನು ಜೋಳದ ಡಬ್ಬಿಯ ಹಿಂದೆ ಹುಡುಕಿದೆ.

“ಏನ ಕಳಕೊಂಡೀರಿ, ಸಾವ್ಕಾರ್ರ?” ಅಂದಳು ಸುಶೀಲವ್ವ.

ಆಗ ದಾದಾಪೀರ ನನ್ನ ತೋಳು ಹಿಡಿದು ಗೋಡೆಯ ಕಡೆ ತೋರಿಸಿದ. ಸ್ವಿಚ್ಚಿನಿಂದ ಒಂದು ವಾಯರು ಇಳಿದು, ಗೋಡೆಗುಂಟ ಹರಿದು, ಚಾಪೆಯ ಕೆಳಗೆ ಹೊಕ್ಕು, ಮಗ್ಗದ ಕುಣಿಯೊಳಗೆ ಇಳಿದಿತ್ತು.

ನನಗೆ ಎಲ್ಲ ಬೆಳಕಾಯಿತು. ಹೊರಗೆ ಕೈಮಗ್ಗದ ವೇಷ, ತುಳಿಯುವ ಹಲಗೆಗೆ ಕುಣಿಯೊಳಗೆ ಮೋಟಾರು. ನರಗುಂದದ ಮಿಲ್ಲಿನವರಿಗೂ ಹೊಳೆಯದ ಹಿಕಮತ್ತು.

“ಅಕ್ಕಾರ, ಸ್ವಲ್ಪ ಮ್ಯಾಲ ಏಳ್ರಿ.”

“ಏಳೂದಿಲ್ರಿ.”

“ಕುಣಿಯಾಗ ಏನೈತಿ?”

“ನನ್ನ ಕಾಲ ಅದಾವು.”

“ಅದರ ಜೋಡಿ?”

ಆಕೆ ಗಂಡನನ್ನು ನೋಡಿದಳು. ಹನಮಂತಪ್ಪ ರಾಟಿ ನೋಡಿದ. ಸುಶೀಲವ್ವ ಬಗ್ಗಿ, ಕುಣಿಯಿಂದ ಕಂಬಳಿ ಸುತ್ತಿದ ಒಂದು ಗಂಟನ್ನು ಎತ್ತಿದಳು, ತೊಟ್ಟಿಲಿಂದ ಕೂಸು ಎತ್ತುವ ಹಾಗೆ. ಕಂಬಳಿ ಬಿಚ್ಚಿದರೆ ಒಳಗೆ ಟೇಪ್‌ ರೆಕಾರ್ಡರ್. ಎರಡು ಸ್ಪೀಕರಿನ ಹಳೆಯ ಭಾರೀ ಡಬ್ಬ. ಬೆನ್ನಿನ ಸೆಲ್ ಹಾಕುವ ಜಾಗ ತುಕ್ಕು ತಿಂದು ಮುಚ್ಚಿಹೋಗಿತ್ತು.

“ಹಚ್ಚಿ ತೋರಸ್ರಿ,” ಅಂದೆ. ಟೇಪಿನ ಒಳಗೇ ಮೋಟಾರು ಇದ್ದರೆ ಎಂಬ ಸಂಶಯ ನನಗಿನ್ನೂ ಇತ್ತು.

ಆಕೆ ಗುಂಡಿ ಒತ್ತಿದಳು. ಗಿಟಾರು ಹರಿಯಿತು, ಡ್ರಮ್ಮು ಬಿತ್ತು, ಯಾರೋ ಗಂಟಲು ಬಿಚ್ಚಿ ಇಂಗ್ಲಿಷಿನಲ್ಲಿ ಗೋಳಾಡತೊಡಗಿದ. ನಾವು ಹುಟ್ಟುವ ಹೊತ್ತಿಗೆ ಕಡಲಾಚೆ ಊರೂರಲ್ಲಿ ಕುಣಿಸಿದ ಹಾಡುಗಳು. ದಾದಾಪೀರ ನನ್ನ ಮುಖ ನೋಡಿದ. ನಾನು ಧಾರವಾಡದ ಹಾಸ್ಟೆಲ್ಲಿನಲ್ಲಿ ಕಲಿತವನು. ಇಂಥ ಹಾಡು ಕೇಳಿದರೆ ಕಣ್ಣು ಮುಚ್ಚಿ ಕತ್ತು ಅಲ್ಲಾಡಿಸಬೇಕು ಎಂಬಷ್ಟು ವಿದ್ಯೆ ಅಲ್ಲಿ ಸಿಕ್ಕಿತ್ತು. ಅಷ್ಟನ್ನು ಮಾಡಿದೆ.

“ಎಲ್ಲೀದು ಅಕ್ಕಾ ಇದು?” ಅಂದ ದಾದಾಪೀರ.

“ಗೋವಾದ್ದು.”

ಸುಶೀಲವ್ವ ಹೇಳಿದ್ದು ಇಷ್ಟು. ಮದುವೆಯಾದ ಹೊಸತರಲ್ಲಿ ಇಲ್ಲಿ ನೂಲಿಗೆ ತತ್ವಾರವಾಗಿ ಮಗ್ಗಗಳೆಲ್ಲ ಬಟ್ಟೆ ಹೊದ್ದು ಮಲಗಿದ್ದವು. ಗಂಡ ಹೆಂಡತಿ ಗೋವಾಕ್ಕೆ ಹೋದರು. ಸಮುದ್ರದ ದಂಡೆಯ ಮೇಲೆ ತೆಂಗಿನ ಗರಿಯ ಒಂದು ಹೋಟೆಲು. ಹನಮಂತಪ್ಪ ಕಟ್ಟಿಗೆ ಒಡೆದು ನೀರು ಹೊರುವುದು, ಈಕೆ ಪಾತ್ರೆ ತಿಕ್ಕುವುದು. ಮೀನು ಮುಟ್ಟದ ಮನೆತನದವಳು ಮೀನಿನ ಬೋಗುಣಿ ತಿಕ್ಕಿದಳು. ಹೋಟೆಲಿನಲ್ಲಿ ಬೆಳಗಿನಿಂದ ಈ ಹಾಡುಗಳೇ. ಒಂದಕ್ಷರ ತಿಳಿಯಲಿಲ್ಲ. ಕೈ ಮಾತ್ರ ತಾನೇ ಕಲಿಯಿತು.

“ಸೀದ ಬೋಗುಣಿ ಇರತೈತಲ್ರಿ, ಅದು ಸುಮ್ಮ ತಿಕ್ಕಿದ್ರ ಹೋಗೂದಿಲ್ಲ. ಈ ಹಾಡ ಹತ್ತಿತಂದ್ರ ಕೈಗೆ ಝೋಕ ಬರತಿತ್ತು. ಅದಕ್ಕ ಇದನ್ನ ನಾ ಮೀನ ಸೀದ ಹಾಡು ಅಂತೀನಿ.” ಆಮೇಲೆ ಬರುವುದು ಬೆಕ್ಕಿನ ಹಾಡು, ಅದರಲ್ಲಿ ಹಾಡುವವನು ಚೀರಿದಾಗಲೆಲ್ಲ ಹೋಟೆಲಿನ ಬೆಕ್ಕು ಓಡಿಹೋಗುತ್ತಿತ್ತಂತೆ. ಅದರ ಹಿಂದೆ ಮಳೆಯ ಹಾಡು. ಕಟ್ಟಕಡೆಯದು ಬಸ್ಸಿನ ಹಾಡು. ಊರಿಗೆ ಮರಳುವ ದಿನ ಗಂಟುಮೂಟೆ ಕಟ್ಟುವಾಗ ಅದು ನಡೆದಿತ್ತು. ಯಾವುದೋ ಫಾರಿನ್ ಗಿರಾಕಿ ಬಿಟ್ಟುಹೋದ ಈ ಟೇಪನ್ನೂ ಕ್ಯಾಸೆಟ್ಟನ್ನೂ ಮಾಲಕ ಅದೇ ದಿನ ಆಕೆಗೆ ಕೊಟ್ಟ.

“ಇದರಾಗ ಮುಚ್ಚಿಡೂದು ಏನಿತ್ತು?” ಅಂದೆ.

ಸುಶೀಲವ್ವ ಲಾಳಿಯನ್ನು ಕೈಯಲ್ಲಿ ಹೊರಳಿಸಿದಳು. “ಗೋವಾದಿಂದ ಬಂದ ಮ್ಯಾಲ ಓಣಿಯಾಗ ಹೆಣ್ಣಮಕ್ಕಳು ಕೇಳಾಕ ಹತ್ತಿದ್ರು, ಅಲ್ಲೆ ಏನ ಕೆಲಸ ಮಾಡತಿದ್ದಿ ಅಂತ. ಭಾಂಡೆ ತಿಕ್ಕತಿದ್ದೆ ಅಂದೆ. ಹೂಂ ಅಂದ್ರು. ಆ ಹೂಂ ಹ್ಯಾಂಗಿತ್ತು ಅನ್ನೂದು ನಿಮಗ ತಿಳೀತೈತಿ. ಅದರ ಮ್ಯಾಲ ಮನಿಯಾಗ ಇಂಗ್ಲೀಷ ಹಾಡ ಬ್ಯಾರೆ. ಗೋವಾದಾಕಿ ಅಂತ ಹೆಸರಿಟ್ರು. ಬಾಗಲಾ ಹಾಕಿದೆ, ಟೇಪ ತಗೊಂಡು ಕುಣಿಯಾಗ ಇಟ್ಟೆ. ಚಲೋನ ಆತು. ಅಲ್ಲೆ ಇದ್ರ ಡೊಳ್ಳಿನ ಪೆಟ್ಟು ನೇರ ಕಾಲಿಗೆ ಬರತೈತಿ.”

“ಮೊಬೈಲ್‌ದಾಗ ಹಾಕ್ಕೊಬೇಕಿಲ್ಲ?”

“ಮೊಬೈಲ್‌ದಾಗ ಜಾಗಟಿ ಕೇಳತೈತ್ರಿ, ಡೊಳ್ಳು ಕೇಳೂದಿಲ್ಲ.”

ಕರೆಂಟು ಹೋದಾಗ ಮಗ್ಗ ನಿಂತದ್ದು ಯಾಕೆ ಎಂಬುದು ನನಗೆ ಈಗ ತಿಳಿಯಬೇಕಿತ್ತು. ತಿಳಿಯಿತು ಕೂಡ. ಆದರೆ ತಿಳಿದದ್ದನ್ನು ಅಷ್ಟು ಲಗೂ ಒಪ್ಪಿಕೊಂಡರೆ ಡೈರೆಕ್ಟರ್ ಯಾಕಾಗಬೇಕು? ಹೊರಗೆ ಬಾಗಿಲ ಸಂದಿಯಲ್ಲಿ ಗಾಳೆವ್ವನ ಕಣ್ಣು ಬೇರೆ ಇತ್ತು. ಎದ್ದು ಹೋಗಿ ಮೇನ್ ಸ್ವಿಚ್ ಕೆಳಗೆ ಎಳೆದೆ. “ಈಗ ನೇದು ತೋರಸ್ರಿ. ಕೈಮಗ್ಗ ಖರೇ ಇದ್ರ ಕರೆಂಟ್ ಇಲ್ದ ನಡೀಬೇಕು.”

ಸುಶೀಲವ್ವ ಹಲಗೆ ತುಳಿದಳು. ಲಾಳಿ ಹೋಯಿತು, ಬಂತು, ನಡುವೆ ಸಿಕ್ಕಿತು. ಮತ್ತೆ ತುಳಿದಳು. ಎಡಗಾಲು ಮೊದಲೋ ಬಲಗಾಲು ಮೊದಲೋ ಎಂದು ಕಾಲುಗಳೇ ಒಂದನ್ನೊಂದು ಕೇಳುತ್ತಿದ್ದ ಹಾಗಿತ್ತು. ಎಳೆ ಹರಿಯಿತು. ಗಂಟು ಹಾಕಿ ಮತ್ತೆ ಕೂತಳು. ಮತ್ತೆ ಹರಿಯಿತು.

“ಕಾಲಿಗೆ ಏನೂ ಕೇಳಸವಲ್ದು,” ಅಂದಳು. ಹಣೆಯ ಮೇಲೆ ಬೆವರಿತ್ತು. ಜನ್ಮವಿಡೀ ನೇಯ್ದವಳು ಕಲಿಯಲು ಕೂತ ಹುಡುಗಿಯ ಹಾಗೆ ಮಗ್ಗವನ್ನು ನೋಡುತ್ತಿದ್ದಳು.

“ನಾಕ ಬೆರಳಿನಷ್ಟರೆ ನೇಯ್ ಅಕ್ಕಾ,” ಅಂದ ದಾದಾಪೀರ. ಬೇಡಿಕೊಳ್ಳುವ ದನಿ.

“ಆಗೂದಿಲ್ಲಪಾ.”

“ಹಂಗಾದ್ರ ನಾ ಕಂಡದ್ದು ಕಂಡಂಗ ಸೊಸೈಟ್ಯಾಗ ಹೇಳಬೇಕಾಗತೈತಿ,” ಅಂದೆ. ಅಂದ ಮೇಲೆ ನನ್ನ ದನಿ ನನಗೇ ಸೇರಲಿಲ್ಲ. ಆಕೆಯ ಬೆರಳುಗಳು ಹರಿದ ಎಳೆಯನ್ನು ಹಿಡಿದುಕೊಂಡೇ ಇದ್ದವು. ಕನಿಕರಕ್ಕೋ, ಬಡಾಯಿಗೋ, ಒಂದು ಮಾತು ಸೇರಿಸಿದೆ: “ತಡೀರಿ, ನಾ ಹಾಡತೀನಿ. ನನಗ ಈ ಹಾಡ ಬರತೈತಿ.”

ಬರುತ್ತಿರಲಿಲ್ಲ. ಎರಡು ಸಲ ಲಾ ಲಾ ಅಂದೆ. ಸುಶೀಲವ್ವ ತುಳಿಯಲು ಹೋಗಿ ಕೈಬಿಟ್ಟಳು. “ಅದು ಬ್ಯಾಡ್ರಿ, ಇದ್ದ ಎಳೀನೂ ಹರೀತಾವು,” ಅಂದಳು. ಬಾಗಿಲ ಸಂದಿಯ ಕಣ್ಣು ಕೂಡ ನಕ್ಕಿತು.

ಅಷ್ಟರಲ್ಲಿ ಖಣ್ ಅಂತ ಸದ್ದಾಯಿತು. ಹನಮಂತಪ್ಪ ರಾಟಿಯನ್ನು ಪಕ್ಕಕ್ಕೆ ಸರಿಸಿ, ಒಲೆಯ ಹತ್ತಿರದ ದೊಡ್ಡ ಬೋಗುಣಿಯನ್ನು ನೆಲಕ್ಕೆ ಬೋರಲು ಹಾಕಿಕೊಂಡು ಕೂತಿದ್ದ. ಅಂಗೈಯಿಂದ ಒಂದು, ಬೆರಳಿನಿಂದ ಎರಡು. ಧಬ್ ಟಕಾ, ಧಬ್ ಟಕಾ. ಟೇಪಿನಲ್ಲಿ ಈಗಷ್ಟೇ ಕೇಳಿದ ಅದೇ ಮೀನು ಸೀದ ಹಾಡು, ಮಾತು ಮಾತ್ರ ಇಲ್ಲ. ಸುಶೀಲವ್ವ ಗಂಡನನ್ನು ಒಂದು ಗಳಿಗೆ ನೋಡಿದಳು. ಕಾಲು ತಾನೇ ಇಳಿಯಿತು. ಮಗ್ಗ ಖಟ್ ಖಟಾ ಎಂದು ಹೊರಟಿತು. ಕರೆಂಟಿಲ್ಲದ ಮನೆಯಲ್ಲಿ, ನಮ್ಮ ನಾಲ್ಕು ಕಣ್ಣುಗಳ ಮುಂದೆ, ಗಾಳೆವ್ವನ ಒಂದನ್ನು ಸೇರಿಸಿದರೆ ಐದು, ಬಟ್ಟೆ ಬೆಳೆಯಿತು.

ಹನಮಂತಪ್ಪ ನಿಲ್ಲಿಸಲಿಲ್ಲ. ಮೀನು ಮುಗಿದು ಬೆಕ್ಕು ಬಂತು. ಕ್ಯಾಸೆಟ್ಟು ಸವೆದು ದನಿ ನುಂಗುವ ಜಾಗದಲ್ಲಿ ಅವನೂ ಒಂದು ಪೆಟ್ಟು ನುಂಗಿ ಮುಂದೆ ಹೋದ.

“ನಿಮಗ ಇದೆಲ್ಲಾ ಹ್ಯಾಂಗ ಬಂತು?” ಅಂದ ದಾದಾಪೀರ.

“ಕಿವಿಗೊಟ್ಟು ಕೇಳಿ ಬಂತು,” ಅಂದ ಹನಮಂತಪ್ಪ, ಬಡಿಯುತ್ತಲೇ. “ನಿಮಗ ಇವತ್ತ ಸಂಶೇ ಬಂತು. ನನಗ ಮೂವತ್ತು ವರ್ಷದಿಂದ ಐತಿ. ತಡೀರಿ, ಮುಂದಿನ ಹಾಡಿನ್ಯಾಗ ತೋರಸತೀನಿ.”

ಮಳೆಯ ಹಾಡು ಶುರುವಾಯಿತು. ಅರ್ಧಕ್ಕೆ ಬಂದಾಗ ಸುಶೀಲವ್ವನ ಕೈ ತುಸು ಸಡಿಲಾಯಿತು, ತುಟಿಯ ಅಂಚು ಅಲುಗಿತು. ನಕ್ಕಳು, ತನ್ನಷ್ಟಕ್ಕೆ. ದಾದಾಪೀರ ಬಟ್ಟೆಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದ. ಸೀರೆ ಸೀರೆಯಲ್ಲೂ ನಾವು ಕಂಡಿದ್ದ ಅಂಗೈ ಅಗಲದ ಸಡಿಲು ಅದೇ ಆಗಿತ್ತು.

ಹನಮಂತಪ್ಪ ಬಡಿಯುವುದನ್ನು ನಿಲ್ಲಿಸಿದ. “ಇಲ್ಲೆ. ಇಲ್ಲೆ ನಗತಾಳ ನೋಡ್ರಿ. ಗೋವಾದಿಂದ ಬಂದಾಗಿಂದ ಈ ಹಾಡಿಗೆ, ಇದ ಜಾಗಾದಾಗ. ಯಾರನ್ನ ನೆನಸಿಕೊಂಡು ನಗತೀಯವ್ವ ಅಂತ ಕೇಳ್ರಿ. ಹೆಂಗೂ ತಪಾಸಣಿಗೆ ಬಂದೀರಿ.”

ಸೊಸೈಟಿಯ ನಿಯಮದಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಆದರೂ ಇಬ್ಬರೂ ಡೈರೆಕ್ಟರುಗಳು ಆಕೆಯ ಬಾಯಿ ನೋಡಿದೆವು.

“ಇವ್ರನ್ನ,” ಅಂದಳು ಸುಶೀಲವ್ವ.

“ನನ್ನ?”

“ಜೋರ ಮಳಿ ಬಂದು ಹೋಟೆಲಿನ ಗರಿ ಹಾರಿ ಹೋದುವಲ್ರಿ, ಆವತ್ತು. ಗಿರಾಕಿ ಎಲ್ಲಾ ಮಳಿಯಾಗ ಕುಣ್ಯಾಕ ಹತ್ತಿದ್ರು, ಈ ಹಾಡ ಹಚಗೊಂಡು. ನೀವು ಮೀನಿನ ಬೋಗುಣಿ ತಲಿ ಮ್ಯಾಲ ಬೋರಲ ಹಾಕ್ಕೊಂಡು ನಡಬರಕ ಕುಣದ್ರಿ.”

“ನಾ ಕುಣದಿಲ್ಲ.”

“ಕುಡದಿದ್ರಿ.”

ಹನಮಂತಪ್ಪ ಯೋಚಿಸಿದ. ಮೂವತ್ತು ವರ್ಷ ಸಾಕಿದ ಸಂಶಯವನ್ನು ಒಂದು ಮಾತಿಗೆ ಬಿಟ್ಟುಕೊಡುವವನಲ್ಲ. “ಅಂವ ನಾನ ಅನ್ನೂದಕ್ಕ ಏನ ಆಧಾರ?”

“ಕುಣಿಯೂಮುಂದ ಒಂದ ಚಪ್ಪಲ್ ಸಮುದ್ರಕ್ಕ ಹೋತು. ಬಲಗಾಲಿಂದು.”

ಅವನು ತನ್ನ ಬಲಗಾಲನ್ನು ನೋಡಿಕೊಂಡ. “ಅದನ್ನ ಮಾಲಕ ಕದ್ದಾನಂತ ತಿಳದಿದ್ನಲ್ಲ,” ಅಂದ ಮೆಲ್ಲಗೆ. “ಒಂದ ಚಪ್ಪಲ್ ಕದ್ದು ಅಂವ ಏನ ಮಾಡತಾನ ಅಂತ ನನಗೂ ಸಂಶೇ ಇತ್ತು.”

“ಇಷ್ಟ ದಿನ ಯಾಕ ಹೇಳಿಲ್ಲ ಅಕ್ಕಾ?” ಅಂದ ದಾದಾಪೀರ.

“ಕೇಳಿದ್ರ ಹೇಳತಿದ್ದೆ. ಇವ್ರು ಕೇಳಲಿಲ್ಲ, ಬರೇ ನೋಡತಿದ್ರು.” ಆಕೆ ಲಾಳಿ ಎತ್ತಿಕೊಂಡಳು. “ಬಡೀರಿ ಮುಂದ. ಬಸ್ಸಿನ ಹಾಡ ಉಳದೈತಿ.”

ನಾನು ಮೇನ್ ಸ್ವಿಚ್ ಮೇಲೆತ್ತಿದೆ. ಮಗ್ಗ ಕೈಮಗ್ಗವೇ ಎಂದು ಇಬ್ಬರೂ ಡೈರೆಕ್ಟರುಗಳು ಒಪ್ಪಿದೆವು. ಆದರೂ ಏನಾದರೊಂದು ಆಜ್ಞೆ ಮಾಡದೆ ಹೊರಬಂದರೆ ಹೋಳಿಗೆಗೆ ಅವಮಾನ. ಇನ್ನು ಮೇಲೆ ಬಾಗಿಲು ತೆರೆದಿಟ್ಟು ನೇಯಬೇಕು ಎಂದು ಹೇಳಿದೆ. ಸುಶೀಲವ್ವ ಬಾಗಿಲ ಕಡೆ ನೋಡಿದಳು. ಅಲ್ಲಿದ್ದ ಗಾಳೆವ್ವ ಸೆರಗು ಸರಿಮಾಡಿಕೊಂಡು, “ನಾ ಹಿಟ್ಟಿನ ಜರಡಿ ಕೇಳಾಕ ಬಂದಿದ್ದೆ,” ಅಂದಳು.

ಬಾಗಿಲು ತೆರೆಯಿತು. ಸಮುದ್ರದಂಡೆಯ ಆ ಹಳೆಯ ಹಾಡುಗಳು ಓಣಿಗೆ ಇಳಿದವು. ಮೊದಲ ವಾರ ಜನ ಬಾಯಿಗೆ ಬಂದದ್ದು ಅಂದರು. ಆಮೇಲೆ ಮಾತು ಹಳತಾಯಿತು, ಹಾಡು ಉಳಿಯಿತು. ತಿಂಗಳು ಕಳೆದಿರಬೇಕು, ಗಾಳೆವ್ವ ಮತ್ತೆ ನನ್ನ ಅಂಗಡಿಯ ಮೆಟ್ಟಿಲೇರಿದಳು. “ಆಕೀಗೆ ಬಾಗಲಾ ಹಾಕ್ಕೊಳಾಕ ಹೇಳ್ರಿ, ಸಾವ್ಕಾರ್ರ. ನನ್ನ ಕಾಲ ನನ್ನ ಮಾತ ಕೇಳವಲ್ವು. ಆಕಿ ಮೀನ ಹಚ್ಚಿದ್ಲಂದ್ರ ನನ್ನ ಮಗ್ಗಾನೂ ಮೀನ ಸುಡಾಕ ಹತ್ತತೈತಿ.” ಒಮ್ಮೆ ಬಾಗಿಲು ತೆರೆಸಿದವನು ಮತ್ತೆ ಮುಚ್ಚಿಸುವುದು ಹೇಗೆ? ವಿಚಾರ ಮಾಡುತ್ತೇನೆ ಎಂದು ಹೇಳಿ ಕಳಿಸಿದೆ.

ಅದಾದ ಮೇಲಿನ ಗುರುವಾರ ಹಿಂದಿನ ಓಣಿಯ ಬಾನುಬಿ ನನ್ನನ್ನು ಕರೆದೊಯ್ದಳು. ನೂಲು ಸುತ್ತಿಕೊಡುವ ಹೆಂಗಸು, ಮಾತಿನಲ್ಲಿ ನಿಧಾನಿ. “ಸುಶೀಲವ್ವನ್ನ ನೀವು ಬಿಟ್ಟೀರಿ, ಇರಲಿ. ಈಗ ಗಾಳೆವ್ವನೂ ಪಾವರ್‌ಲೂಮ್ ಇಟ್ಟಾಳ್ರಿ. ಕೇಳ್ರಿ, ಎರಡೂ ಒಂದ ಸವನ ನಡದಾವು. ಕೈಯಾಗ ಹಂಗ ಬರತೈತೇನು?”

ಓಣಿಯ ತಿರುವಿನಲ್ಲಿ ನಿಂತು ಕೇಳಿದೆವು. ಎರಡು ಮನೆಯ ಎರಡು ಮಗ್ಗ ಒಂದೇ ಹೆಜ್ಜೆಯಲ್ಲಿ ಕುಣಿಯುತ್ತ ಹೋಗುತ್ತಿದ್ದವು. ನನ್ನ ಹಿಮ್ಮಡಿಯೂ ಸುಮ್ಮನಿರಲಿಲ್ಲ. ಅಷ್ಟೊತ್ತಿಗೆ ಕರೆಂಟು ಹೋಯಿತು. ಎರಡೂ ಮಗ್ಗ ಖಟ್ ಎಂದು ಒಟ್ಟಿಗೇ ನಿಂತವು.

ಬಾನುಬಿ ನನ್ನ ಮುಖ ನೋಡಿದಳು. ಎಲ್ಲಿಂದ ಹೇಳಲು ಶುರು ಮಾಡಲಿ, ಗೋವಾದಿಂದಲೋ ಚಪ್ಪಲಿಯಿಂದಲೋ ಎಂದು ನಾನು ತಡವರಿಸುತ್ತಿರುವಾಗ, ತೆರೆದ ಬಾಗಿಲೊಳಗಿಂದ ಹನಮಂತಪ್ಪನ ಬೋಗುಣಿ ಧಬ್ ಟಕಾ ಅಂದಿತು. ಈಚೆ ಸುಶೀಲವ್ವನ ಮಗ್ಗ ಎದ್ದಿತು, ಆಚೆ ಗಾಳೆವ್ವನದು.

“ಹಾಂ,” ಅಂದಳು ಬಾನುಬಿ. “ಇನ್ವರ್ಟರ್ ಚಾಲೂ ಆತು.”